ಕುಷ್ಟಗಿಯ ಎದೆನೋವಿಗೆ ಕುಷ್ಟಗಿಯಲ್ಲೇ ಚಿಕಿತ್ಸೆ ಶುರುವಾಗಲಿ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದವು. ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ತಪಾಸಣೆಗಾಗಿ ಜನ ನಸುಕಿನಿಂದಲೇ ಸಾಲುಗಟ್ಟಿದರು. ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಹೃದಯ ಜ್ಯೋತಿ ಯೋಜನೆಯನ್ನು ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸುವುದಾಗಿ ಪ್ರಕಟಿಸಿತು. ಹಾಸನದ ಕುಟುಂಬಗಳ ಸಂಕಟ ಸರ್ಕಾರವನ್ನು ಎಬ್ಬಿಸಿದ್ದು ಒಳ್ಳೆಯದೇ ಆಯಿತು. ಆದರೆ ನಮ್ಮ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಐವತ್ತು ದಾಟಿದ ಕೂಲಿಕಾರನೊಬ್ಬ ರಾತ್ರಿ ಎದೆ ಹಿಡಿದುಕೊಂಡು ಕುಳಿತು ಬೆಳಗಾಗುವುದರೊಳಗೆ ತೀರಿಕೊಂಡರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಗ್ಯಾಸ್ ಆಗಿತ್ತು, ವಾಯು ಏರಿತ್ತು ಎಂದು ಮನೆಯವರು ಹೇಳುತ್ತಾರೆ, ಮಣ್ಣು ಮಾಡುತ್ತಾರೆ. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು ನಾಲ್ಕರಲ್ಲಿ ಒಂದಕ್ಕಿಂತಲೂ ಕಡಿಮೆ. ಲೆಕ್ಕಕ್ಕೆ ಸಿಗದ ಸಾವಿನ ಬಗ್ಗೆ ಯಾವ ಸಮಿತಿಯೂ ಕೂರುವುದಿಲ್ಲ.

ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 13.9 ಲಕ್ಷ. ನೂರರಲ್ಲಿ 83 ಮಂದಿ ಹಳ್ಳಿಗಳಲ್ಲಿದ್ದಾರೆ. ಈ ಜನರ ಹೃದಯಕ್ಕೆ ಏನು ಬೇಕು ಎಂದು ಕೇಳಿದರೆ ನಮ್ಮ ಜನಪ್ರತಿನಿಧಿಗಳಿಂದ, ಸಂಘಟನೆಗಳಿಂದ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ದೊಡ್ಡ ಆಸ್ಪತ್ರೆ ಬೇಕು. ಆ ಬೇಡಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಡ ಹೃದ್ರೋಗಿ ಬದುಕುವುದು, ಸಾಯುವುದು ದೊಡ್ಡ ಆಸ್ಪತ್ರೆಗೆ ಮುಟ್ಟುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಆಗುವ ಜಾಗ ತಾಲ್ಲೂಕು ಆಸ್ಪತ್ರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲು ರಾತ್ರಿಯೆನ್ನದೆ ಇಸಿಜಿ ತೆಗೆಯುವ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ, ಮುಂದಿನ ಆಸ್ಪತ್ರೆಗೆ ಸಾಗಿಸುವ ಮತ್ತು ಮರಳಿ ಬಂದವರಿಗೆ ವರ್ಷಗಟ್ಟಲೆ ಗುಳಿಗೆ ಒದಗಿಸುವ ವ್ಯವಸ್ಥೆ ಗಟ್ಟಿಯಾಗಬೇಕು. ಹಣ, ಗಮನ, ಸಿಬ್ಬಂದಿ ಮೊದಲು ಅಲ್ಲಿಗೆ ಹೋಗಬೇಕು.

ಹೀಗೆ ಹೇಳುವುದಕ್ಕೆ ಆಧಾರವಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರ ನೇತೃತ್ವದಲ್ಲಿ ದೇಶದ 50 ನಗರಗಳ 89 ಆಸ್ಪತ್ರೆಗಳು ಸೇರಿ ‘ಕ್ರಿಯೇಟ್’ ಎಂಬ ಅಧ್ಯಯನ ನಡೆಸಿದವು. 20,468 ಹೃದಯಾಘಾತ ರೋಗಿಗಳ ವಿವರ ಕಲೆಹಾಕಿದ ಆ ವರದಿ 2008ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಸ್ಪತ್ರೆ ಸೇರಿದ 30 ದಿನಗಳೊಳಗೆ ಸಿರಿವಂತ ರೋಗಿಗಳಲ್ಲಿ ಶೇ 5.5 ಮಂದಿ ಸತ್ತಿದ್ದರೆ ಬಡವರಲ್ಲಿ ಶೇ 8.2 ಮಂದಿ ಸತ್ತಿದ್ದರು. ಇದು ಬಡವರ ದೇಹಸ್ಥಿತಿಯ, ವಯಸ್ಸಿನ, ಹಿಂದಿನ ಕಾಯಿಲೆಗಳ ಫಲ ಎಂದು ಯಾರಿಗಾದರೂ ಅನ್ನಿಸಬಹುದು. ಸಂಶೋಧಕರು ಅದನ್ನೂ ಪರಿಶೀಲಿಸಿದರು. ರೋಗಿಗಳ ದೇಹಸ್ಥಿತಿಯಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಹಾಗೇ ಉಳಿಯಿತು. ಸಿಕ್ಕ ಚಿಕಿತ್ಸೆಯಲ್ಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಅಂತರವೇ ಇಲ್ಲವಾಯಿತು. ಅಂದರೆ ಬಡವನಿಗೂ ಸಿರಿವಂತನಿಗೆ ಸಿಕ್ಕ ಚಿಕಿತ್ಸೆಯೇ ಸಿಕ್ಕಿದ್ದರೆ ಅವನೂ ಅಷ್ಟೇ ಪ್ರಮಾಣದಲ್ಲಿ ಬದುಕುತ್ತಿದ್ದ. ಅದೇ ವರದಿಯ ಇನ್ನೊಂದು ಅಂಕಿ ಇನ್ನೂ ಕಳವಳ ಹುಟ್ಟಿಸುತ್ತದೆ. ತೀವ್ರ ಹೃದಯಾಘಾತವಾದ ರೋಗಿಗಳು ನೋವು ಕಾಣಿಸಿದ ಮೇಲೆ ಆಸ್ಪತ್ರೆಗೆ ಬರಲು ತೆಗೆದುಕೊಂಡ ಮಧ್ಯಮ ಕಾಲ 360 ನಿಮಿಷ, ಅಂದರೆ ಆರು ತಾಸು. ಆಸ್ಪತ್ರೆಯೊಳಗೆ ಇಂಜೆಕ್ಷನ್ ಸಿಗಲು ಹಿಡಿದದ್ದು 50 ನಿಮಿಷ. ಇದು ನಗರಗಳ ಆಸ್ಪತ್ರೆಗಳಿಗೆ ಬಂದು ಮುಟ್ಟಿದವರ ಲೆಕ್ಕ. ಮುಟ್ಟದವರು ಇದರಲ್ಲಿಲ್ಲ.

ಆ ಆರು ತಾಸುಗಳಲ್ಲಿ ಎದೆಯೊಳಗೆ ನಡೆಯುವುದೇನು? ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದ ಕ್ಷಣದಿಂದ ಅದರಾಚೆಯ ಸ್ನಾಯು ಸಾಯಲು ತೊಡಗುತ್ತದೆ, ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಹೆಪ್ಪು ಕರಗಿಸುವ ಔಷಧದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1996ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮೊದಲ ಗಂಟೆಯೊಳಗೆ ಔಷಧ ಕೊಟ್ಟರೆ ಪ್ರತಿ ಸಾವಿರ ರೋಗಿಗಳಲ್ಲಿ ಹೆಚ್ಚುವರಿಯಾಗಿ 65 ಮಂದಿ ಉಳಿಯುತ್ತಾರೆ. ಎರಡನೇ ಗಂಟೆಯಲ್ಲಿ ಕೊಟ್ಟರೆ ಉಳಿಯುವವರು 37. ಒಂದೇ ತಾಸಿನಲ್ಲಿ ಲಾಭ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಈಗ ನಕ್ಷೆ ನೋಡೋಣ. ಕೊಪ್ಪಳದಿಂದ ಹುಬ್ಬಳ್ಳಿಗೆ ಸುಮಾರು 115 ಕಿಲೋಮೀಟರ್, ಬಳ್ಳಾರಿಗೆ 90ರ ಆಸುಪಾಸು, ಕಲಬುರಗಿಗೆ 200ಕ್ಕೂ ಹೆಚ್ಚು. ಕುಷ್ಟಗಿಯ, ಯಲಬುರ್ಗಾದ ಒಳಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಬರಲೇ ತಾಸು ಬೇಕಾಗಬಹುದು. ರಾತ್ರಿಯಾದರೆ ಬಸ್ಸಿಲ್ಲ, ಟಂಟಂ ಇಲ್ಲ, ಊರಲ್ಲೊಂದು ಕ್ರೂಸರ್ ಇದ್ದರೆ ಅದರ ಮಾಲೀಕನನ್ನು ಎಬ್ಬಿಸಬೇಕು. ಬಲೂನು ಹಾಕಿ ನಾಳ ತೆರೆದು ಸ್ಟೆಂಟ್ ಇಡುವುದೇ ಶ್ರೇಷ್ಠ ಚಿಕಿತ್ಸೆ ಎಂಬುದು ನಿಜ. ಆದರೆ ರೋಗ ಪತ್ತೆಯಾದ ಎರಡು ತಾಸಿನೊಳಗೆ ಅದು ಸಿಗುವಂತಿದ್ದರೆ ಮಾತ್ರ ಅದಕ್ಕಾಗಿ ಕಾಯಬೇಕು, ಇಲ್ಲದಿದ್ದರೆ ಇಂಜೆಕ್ಷನ್ ಮೊದಲು ಕೊಡಬೇಕು ಎಂದು ಜಗತ್ತಿನ ಹೃದ್ರೋಗ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಕುಷ್ಟಗಿಯ ರೋಗಿಗೆ ಆ ಎರಡು ತಾಸಿನ ಲೆಕ್ಕ ಬಹುತೇಕ ಕೂಡಿಬರುವುದಿಲ್ಲ.

ಹಣದ ತೊಡಕನ್ನು ಬಿಡಿಸಲು ನಮ್ಮ ರಾಜ್ಯ ಗಂಭೀರವಾಗಿ ಪ್ರಯತ್ನಿಸಿದೆ, ಅದೂ ನಮ್ಮ ಭಾಗದಿಂದಲೇ ಶುರು ಮಾಡಿ. ಬಿಪಿಎಲ್ ಕುಟುಂಬಗಳ ಹೃದಯ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಮೊದಲಾದವುಗಳ ವೆಚ್ಚ ಭರಿಸುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ಕೊಪ್ಪಳವೂ ಸೇರಿದ ಗುಲ್ಬರ್ಗಾ ವಿಭಾಗದಲ್ಲಿ. ಯೋಜನೆ ಬಂದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಡಿ ಚಿಕಿತ್ಸೆ ಸಿಗಬಹುದಾದ ಕಾಯಿಲೆಗಳಿಂದ ಆದ ಸಾವು ಯೋಜನೆಯಿದ್ದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆಯಿತ್ತು. ಬಡವರ ವಿಮೆಯಿಂದ ಏನೂ ಆಗದು ಎನ್ನುವವರಿಗೆ ಇದು ಉತ್ತರ. ಇಂದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಔಷಧಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು; ಅದಕ್ಕೂ ಮುನ್ನ ಅದು ಲಕ್ಷ ದಾಟುತ್ತಿತ್ತು. ಇಷ್ಟೆಲ್ಲ ಆದ ಮೇಲೂ ಕಾರ್ಡು, ಅಗ್ಗದ ಸ್ಟೆಂಟು ಎರಡೂ ಉಪಯೋಗಕ್ಕೆ ಬರುವುದು ಆಸ್ಪತ್ರೆಗೆ ಜೀವಂತವಾಗಿ ಮುಟ್ಟಿದವರಿಗೆ. ದುಡ್ಡಿನ ಬಾಗಿಲು ತೆರೆದ ಸರ್ಕಾರ ಈಗ ಹೊತ್ತಿನ ಬಾಗಿಲನ್ನೂ ತೆರೆಯಬೇಕು.

ಅದನ್ನು ಹೇಗೆ ತೆರೆಯಬಹುದೆಂದು ಪಕ್ಕದ ತಮಿಳುನಾಡು ತೋರಿಸಿದೆ. ಸಣ್ಣ ಆಸ್ಪತ್ರೆಗಳನ್ನು ಸ್ಟೆಂಟ್ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಜೋಡಿಸಿ, ಇಸಿಜಿಯನ್ನು ದೂರದಿಂದಲೇ ತಜ್ಞರು ಓದಿ, ಇಂಜೆಕ್ಷನ್ ಅಲ್ಲೇ ಕೊಡಿಸಿ, ಆಮೇಲೆ ರೋಗಿಯನ್ನು ಸಾಗಿಸುವ ಪದ್ಧತಿಯನ್ನು ಅಲ್ಲಿ 2,420 ರೋಗಿಗಳಲ್ಲಿ ಪರೀಕ್ಷಿಸಿದರು. ಒಂದು ವರ್ಷದೊಳಗಿನ ಸಾವು ಶೇ 17.6ರಿಂದ 14.2ಕ್ಕೆ ಇಳಿಯಿತು ಎಂದು 2017ರ ವರದಿ ಹೇಳುತ್ತದೆ. ಪರೀಕ್ಷೆಯಲ್ಲಿದ್ದ ವೈದ್ಯರು ಹೊಸಬರಲ್ಲ, ಔಷಧ ಹೊಸದಲ್ಲ; ಹೊಸದಾಗಿದ್ದದ್ದು ಆಸ್ಪತ್ರೆಗಳ ನಡುವಿನ ಜೋಡಣೆ. ಕರ್ನಾಟಕದಲ್ಲಿ 46ನೇ ವಯಸ್ಸಿಗೆ ನಮ್ಮನ್ನು ಅಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ನಿಂತಿರುವುದೂ ಇದೇ ಲೆಕ್ಕದ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಕೆಲವೇ ನಿಮಿಷಗಳಲ್ಲಿ ತಜ್ಞರಿಗೆ ಮುಟ್ಟುತ್ತದೆ, ಹೃದಯಾಘಾತ ಖಚಿತವಾದರೆ ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ, ಆಮೇಲೆ ರೋಗಿ ಆಂಬುಲೆನ್ಸ್ ಏರಿ ದೊಡ್ಡ ಆಸ್ಪತ್ರೆಗೆ ಹೋಗುತ್ತಾನೆ. ಯೋಜನೆಯ ವಿನ್ಯಾಸದಲ್ಲಿ ನನಗೆ ದೋಷ ಕಾಣುವುದಿಲ್ಲ. ಕೊಪ್ಪಳದಂಥ ಜಿಲ್ಲೆಯಲ್ಲಿ ಅದು ಎಷ್ಟು ಗಟ್ಟಿಯಾಗಿ ಬೇರೂರುತ್ತದೆ ಎಂಬುದೇ ಪ್ರಶ್ನೆ.

ಬೇರೂರಬೇಕಾದರೆ ಸರಪಳಿಯ ಪ್ರತಿ ಕೊಂಡಿಯೂ ರಾತ್ರಿ ಎರಡು ಗಂಟೆಗೆ ಕೆಲಸ ಮಾಡಬೇಕು. ಮೊದಲ ಕೊಂಡಿ ರೋಗಿಯ ಮನೆ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ಬೆವರು ಕಾಣಿಸಿದಾಗ ನಮ್ಮ ಜನ ಮೊದಲು ಸೋಡಾ ಕುಡಿಯುತ್ತಾರೆ, ಓಂಕಾಳು ಅಗಿಯುತ್ತಾರೆ, ಆಮೇಲೆ ಊರಿನ ಆರ್‌ಎಂಪಿ ಡಾಕ್ಟರ ಬಳಿ ಗ್ಯಾಸಿನ ಇಂಜೆಕ್ಷನ್ ಮಾಡಿಸುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹತ್ತಿರ ಸಿಗುವವರು ಅವರೇ. ಆರ್‌ಎಂಪಿಗಳಿಗೂ, ಔಷಧ ಅಂಗಡಿಯವರಿಗೂ ಒಂದೇ ಮಾತು ಮನದಟ್ಟಾಗಬೇಕು: ಹದಿನೈದು ನಿಮಿಷದಲ್ಲಿ ಇಳಿಯದ ಎದೆನೋವಿಗೆ ಇಸಿಜಿ ಆಗದೆ ಗ್ಯಾಸ್ ಎನ್ನಬಾರದು. ಎರಡನೇ ಕೊಂಡಿ ಪ್ರಾಥಮಿಕ ಆರೋಗ್ಯ ಕೇಂದ್ರ. ಕೆಲವೇ ರೂಪಾಯಿಯ ಆಸ್ಪಿರಿನ್ ಗುಳಿಗೆಯಿಂದ ಹೃದಯಾಘಾತದ ಸಾವು ಐದು ವಾರಗಳಲ್ಲಿ ಕಾಲು ಭಾಗದ ಆಸುಪಾಸು ಇಳಿಯುತ್ತದೆಂದು 1988ರಷ್ಟು ಹಿಂದೆಯೇ, 17 ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿತ್ತು. ಹೃದಯಾಘಾತದ ಶಂಕೆಯಿದ್ದ ರೋಗಿಗೆ, ಒಗ್ಗದಿರುವ ಕಾರಣವಿಲ್ಲವೆಂದು ನೋಡಿಕೊಂಡು, ಅದನ್ನು ಅಗಿಸಿ ಕಳಿಸುವುದು ಪ್ರತಿ ಕೇಂದ್ರದ ರೂಢಿಯಾಗಬೇಕು. ಮೂರನೆಯದು ತಾಲ್ಲೂಕು ಆಸ್ಪತ್ರೆಯ ತುರ್ತು ಕೋಣೆ: ಇಸಿಜಿ ಯಂತ್ರ ಬೀಗ ಹಾಕಿದ ಕೋಣೆಯಲ್ಲಿರಬಾರದು, ಇಸಿಜಿ ತೆಗೆಯಬಲ್ಲ ನರ್ಸ್ ಪ್ರತಿ ಪಾಳಿಯಲ್ಲೂ ಇರಬೇಕು, ಇಂಜೆಕ್ಷನ್ ತುರ್ತು ಕೋಣೆಯ ಕಪಾಟಿನಲ್ಲೇ ಇರಬೇಕು, ಮುಗಿಯುವ ಮೊದಲೇ ಮುಂದಿನದು ಬರಬೇಕು. ನಾಲ್ಕನೆಯದು 108 ಆಂಬುಲೆನ್ಸ್. ರಾಜ್ಯದಲ್ಲಿ 2008ರಿಂದ ಓಡುತ್ತಿರುವ ಈ ಸೇವೆಯಲ್ಲಿ, ಇಂಜೆಕ್ಷನ್ ಪಡೆದ ಹೃದ್ರೋಗಿಯನ್ನು ಒಯ್ಯುವ ವಾಹನಕ್ಕೆ ಹೃದಯಬಡಿತ ಅಡ್ಡಾದಿಡ್ಡಿಯಾದರೆ ಶಾಕ್ ಕೊಡುವ ಯಂತ್ರವೂ ಅದನ್ನು ಬಳಸಬಲ್ಲವರೂ ಇರಲೇಬೇಕು.

ತಾಲ್ಲೂಕಿನಿಂದ ತಾಲ್ಲೂಕಿಗೆ ಅಗತ್ಯ ಬೇರೆಯಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ, ಕಾರಟಗಿ ಕಡೆ ಊರುಗಳು ಒತ್ತೊತ್ತಾಗಿವೆ, ಖಾಸಗಿ ಆಸ್ಪತ್ರೆಗಳೂ ಇವೆ. ಅಲ್ಲಿ ಒಪ್ಪಂದ ಮಾಡಿಕೊಂಡು ಖಾಸಗಿಯವರನ್ನೂ ಜಾಲಕ್ಕೆ ಸೇರಿಸಿಕೊಂಡರೆ ಬೇಗ ಫಲ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ, ಕುಕನೂರು ಮಳೆಯಾಶ್ರಿತ ನೆಲ. ಊರುಗಳು ದೂರದೂರ, ಖಾಸಗಿ ಸೌಲಭ್ಯ ವಿರಳ. ಅಲ್ಲಿ ಸರ್ಕಾರಿ ಆಸ್ಪತ್ರೆ ಬಿಟ್ಟರೆ ಬಡವನಿಗೆ ಗತಿಯಿಲ್ಲ, ಆದ್ದರಿಂದ ಅಲ್ಲಿಗೆ ಮೊದಲ ಆದ್ಯತೆ ಸಲ್ಲಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕೊಪ್ಪಳವೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದು ದಶಕ ಕಳೆದಿದೆ. ಕಲಬುರಗಿಯಲ್ಲಿ ಆ ವಿಧಿಯ ನೆನಪಿಗೆಂದೇ 371 ಹಾಸಿಗೆಗಳ ಜಯದೇವ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಹಾಗಿರುವಾಗ ಕೊಪ್ಪಳದವರು ಬರೀ ಇಂಜೆಕ್ಷನ್‌ಗೆ ತೃಪ್ತರಾಗಬೇಕೇ, ನಮ್ಮ ಪಾಲಿಗೆ ಯಾವಾಗಲೂ ಎರಡನೇ ದರ್ಜೆಯದೇ ಏಕೆ ಎಂದು ಕೇಳುವವರಿದ್ದಾರೆ. ಈ ಮಾತಿನ ಹಿಂದಿರುವ ನೋವು ನ್ಯಾಯವಾದದ್ದು. 2015ರಲ್ಲಿ ಶುರುವಾದ ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಹಗಲು ರಾತ್ರಿ ನಡೆಯುವ, ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಬೇಕು ಎಂಬ ಬೇಡಿಕೆಗೆ ನನ್ನ ಬೆಂಬಲವಿದೆ. ಆದರೆ ಕ್ಯಾಥ್‌ಲ್ಯಾಬ್ ಎಂದರೆ ಯಂತ್ರವಷ್ಟೇ ಅಲ್ಲ. ಪಾಳಿಯಲ್ಲಿ ದುಡಿಯುವ ಹಲವು ಹೃದ್ರೋಗ ತಜ್ಞರು, ತಂತ್ರಜ್ಞರು, ತರಬೇತಾದ ನರ್ಸ್‌ಗಳು ಇಲ್ಲದಿದ್ದರೆ ಅದು ವಾರದ ಹಗಲು ಹೊತ್ತಿನ ಸೌಲಭ್ಯವಾಗಿ ಉಳಿದುಬಿಡುತ್ತದೆ, ಹೃದಯಾಘಾತ ಕಚೇರಿ ವೇಳೆ ನೋಡಿ ಬರುವುದಿಲ್ಲ. ಅಂಥ ತಂಡ ಕಟ್ಟಲು ವರ್ಷಗಳೇ ಬೇಕು. ತಾಲ್ಲೂಕು ಆಸ್ಪತ್ರೆಯ ಇಸಿಜಿ ಮತ್ತು ಇಂಜೆಕ್ಷನ್ ವ್ಯವಸ್ಥೆಯನ್ನು ತಿಂಗಳುಗಳಲ್ಲಿ ಗಟ್ಟಿ ಮಾಡಬಹುದು. ನಾಳೆ ಕೊಪ್ಪಳದಲ್ಲಿ ಕ್ಯಾಥ್‌ಲ್ಯಾಬ್ ಬಂದಾಗಲೂ ಅದಕ್ಕೆ ರೋಗಿಗಳನ್ನು ಜೀವಂತವಾಗಿ ಮುಟ್ಟಿಸಬೇಕಾದದ್ದು ಇದೇ ತಾಲ್ಲೂಕು ಆಸ್ಪತ್ರೆಗಳು. ಜಿಲ್ಲಾ ಕೇಂದ್ರದಲ್ಲಿ ಸ್ಟೆಂಟ್ ಸಿಗುವಂತಾಗಿ ಯಲಬುರ್ಗಾದಲ್ಲಿ ರೋಗ ಪತ್ತೆಯೇ ಆಗದಿದ್ದರೆ ಅದರ ಲಾಭ ಕಾರಿನಲ್ಲಿ ಬರಬಲ್ಲವರಿಗೆ ಹೋಗುತ್ತದೆ.

ಎರಡನೇ ಆಕ್ಷೇಪ ವೈದ್ಯರದು. ಹೆಪ್ಪು ಕರಗಿಸುವ ಔಷಧದಿಂದ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ತಜ್ಞರಿಲ್ಲದ ಆಸ್ಪತ್ರೆಯಲ್ಲಿ ಅದನ್ನು ಕೊಟ್ಟು ರೋಗಿ ಸತ್ತರೆ ಕಲ್ಲು ತೂರುವುದು ನಮ್ಮ ಮೇಲೆ, ನಮಗೇಕೆ ಈ ಉಸಾಬರಿ, ‘ಮುಂದಕ್ಕೆ ಒಯ್ಯಿರಿ’ ಎಂದು ಚೀಟಿ ಬರೆದರೆ ಆಯಿತು ಎಂಬ ಅಳುಕು. ಅಪಾಯ ಇದೆ, ಅದನ್ನು ಮುಚ್ಚಿಡಬಾರದು. ದೊಡ್ಡ ಪ್ರಯೋಗಗಳಲ್ಲಿ ಅದು ನೂರಕ್ಕೆ ಒಬ್ಬರ ಆಸುಪಾಸು. ಆದರೆ ಕೊಡದೆ ಕಳಿಸುವುದರ ಅಪಾಯ ಅದಕ್ಕಿಂತ ದೊಡ್ಡದು, ಆ ಸಾವು ದಾರಿಯಲ್ಲಿ ಆಗುವುದರಿಂದ ಯಾರ ಹೆಸರಿಗೂ ಬರುವುದಿಲ್ಲ ಅಷ್ಟೇ. ಪಾರ್ಶ್ವವಾಯು ಆದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು, ರಕ್ತದೊತ್ತಡ ಮಿತಿಮೀರಿದವರು ಯಾರು ಎಂದು ಕೇಳಿ ತಿಳಿಯುವ ಪಟ್ಟಿ ಕೈಯಲ್ಲಿದ್ದರೆ, ನಿರ್ಧಾರದಲ್ಲಿ ದೂರದ ತಜ್ಞರ ಲಿಖಿತ ಒಪ್ಪಿಗೆಯಿದ್ದರೆ ತಾಲ್ಲೂಕಿನ ವೈದ್ಯರಿಗೆ ಧೈರ್ಯ ಬರುತ್ತದೆ. ನಿಯಮದಂತೆ ನಡೆದುಕೊಂಡ ವೈದ್ಯರ, ನರ್ಸ್‌ಗಳ ಬೆನ್ನಿಗೆ ಇಲಾಖೆ ನಿಲ್ಲುತ್ತದೆಂಬ ಸ್ಪಷ್ಟ ಆದೇಶವೂ ಬೇಕು. ಅದಿಲ್ಲದೆ ಅವರಿಂದ ಧೈರ್ಯ ನಿರೀಕ್ಷಿಸುವುದು ಅನ್ಯಾಯ.

ಸಾವಿನ ದವಡೆಯಿಂದ ಪಾರಾಗಿ ಮನೆಗೆ ಬಂದವರ ಕತೆ ಇನ್ನೂ ಕಡೆಗಣಿಸಲ್ಪಟ್ಟಿದೆ. ಒಮ್ಮೆ ಹೃದಯಾಘಾತವಾದವರಿಗೆ ಆಸ್ಪಿರಿನ್, ಕೊಬ್ಬು ಇಳಿಸುವ ಸ್ಟಾಟಿನ್, ರಕ್ತದೊತ್ತಡದ ಒಂದೆರಡು ಗುಳಿಗೆ ವರ್ಷಾನುಗಟ್ಟಲೆ ಬೇಕು. ಎಲ್ಲವೂ ಹಳೆಯ, ಅಗ್ಗದ ಜನರಿಕ್ ಔಷಧಗಳು. ಆದರೂ ಹಲವು ದೇಶಗಳಲ್ಲಿ ನಡೆದ, ಬೆಂಗಳೂರಿನ ತಂಡವೂ ಪಾಲ್ಗೊಂಡಿದ್ದ ‘ಪ್ಯೂರ್’ ಅಧ್ಯಯನದ 2011ರ ವರದಿಯಲ್ಲಿ, ಭಾರತವೂ ಸೇರಿದ ಬಡ ದೇಶಗಳ ಹೃದ್ರೋಗಿಗಳು ಮತ್ತು ಪಾರ್ಶ್ವವಾಯು ಪೀಡಿತರಲ್ಲಿ ಶೇ 80ರಷ್ಟು ಮಂದಿ ಇವುಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಆ ಪ್ರಮಾಣ ಶೇ 11. ಅದೇ ತಂಡದ 2014ರ ವರದಿ ಇನ್ನೊಂದು ಸಂಗತಿ ಹೇಳಿತು: ಹಳ್ಳಿಗರಲ್ಲಿ ಹೃದ್ರೋಗ ತರುವ ಕಾರಣಗಳು ನಗರದವರಿಗಿಂತ ಕಡಿಮೆ, ಆದರೆ ರೋಗ ಬಂದಾಗ ಸಾಯುವವರು ಹಳ್ಳಿಗಳಲ್ಲೇ ಹೆಚ್ಚು. ನಮ್ಮ ಜಿಲ್ಲೆಗೆ ಇದನ್ನು ಅನ್ವಯಿಸಿ ನೋಡಿದರೆ ಗುಳೆಯ ಮಾತು ಬಂದೇ ಬರುತ್ತದೆ. ಕುಷ್ಟಗಿ, ಯಲಬುರ್ಗಾದ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾಗಳಿಗೆ ದುಡಿಯಲು ಗುಳೆ ಹೋಗುತ್ತವೆ. ಹದಿನೈದು ದಿನಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಬಂದು ಗುಳಿಗೆ ಒಯ್ಯಿರಿ ಎಂಬ ನಿಯಮ ಅವರ ಬದುಕಿಗೆ ಹೊಂದುವುದಿಲ್ಲ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಬೇಕು, ಅವರ ಚೀಟಿಗೆ ರಾಜ್ಯದ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಔಷಧ ಸಿಗಬೇಕು. ಹಲವು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿದ ‘ಪಾಲಿಪಿಲ್’ ಅನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ರಾಜ್ಯ ಅದನ್ನು ಖರೀದಿಸಿ ಹಂಚಲು ಯೋಚಿಸಬೇಕು. ಮನೆಮನೆಗೆ ಹೋಗಿ ಗುಳಿಗೆ ವಿಚಾರಿಸುವ ಆರೋಗ್ಯ ಕಾರ್ಯಕರ್ತೆಯರಿಂದ ಹೃದ್ರೋಗಿಗಳ ಔಷಧ ಸೇವನೆ, ರಕ್ತದೊತ್ತಡ ಸುಧಾರಿಸುತ್ತದೆಂದು ಸೇಂಟ್ ಜಾನ್ಸ್ ತಂಡದ ಮತ್ತೊಂದು ಪ್ರಯೋಗ 2016ರಲ್ಲಿ ತೋರಿಸಿದೆ. ಈ ಕೆಲಸವನ್ನು ನಮ್ಮ ಆಶಾ ಕಾರ್ಯಕರ್ತೆಯರಿಗೆ ವಹಿಸುವುದಾದರೆ ಅದಕ್ಕೆ ಬೇರೆಯೇ ಗೌರವಧನ ಕೊಡಬೇಕು. ಈಗಾಗಲೇ ಬಾಗಿದ ಬೆನ್ನಿನ ಮೇಲೆ ಇನ್ನೊಂದು ಹೊರೆ ಬಿಟ್ಟಿಯಾಗಿ ಹೊರಿಸುವುದು ಸಲ್ಲದು.

ಚಿಕಿತ್ಸೆಗೆ ಇಷ್ಟು ಖರ್ಚು ಮಾಡುವ ಬದಲು ರೋಗವೇ ಬಾರದಂತೆ ನೋಡಿಕೊಳ್ಳಬಾರದೇ ಎಂದು ಕೇಳುವವರೂ ಇದ್ದಾರೆ. ಗುಟ್ಕಾ, ಬೀಡಿ, ಉಪ್ಪು, ಪತ್ತೆಯಾಗದ ಬಿ.ಪಿ., ಸಕ್ಕರೆ ಕಾಯಿಲೆ, ಹೊಗೆ ಇವೆಲ್ಲವೂ ಹೃದಯದ ಶತ್ರುಗಳೇ. 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಜನ ಊರಿನ ಪಕ್ಕದ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಬಂದ್ ಮಾಡಿ ಬೀದಿಗಿಳಿದದ್ದು ಉಸಿರಾಟದಷ್ಟೇ ಹೃದಯದ ಹೋರಾಟವೂ ಹೌದು ಎಂದು ನಾನು ತಿಳಿದಿದ್ದೇನೆ. ಆದರೆ ತಡೆಗಟ್ಟುವಿಕೆ ಮತ್ತು ಚಿಕಿತ್ಸೆಯನ್ನು ಒಂದಕ್ಕೊಂದು ಎದುರು ನಿಲ್ಲಿಸುವುದು ಸರಿಯಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಲ್ಲಿ ಬಿ.ಪಿ., ಸಕ್ಕರೆ ಪತ್ತೆಹಚ್ಚುತ್ತದೆ. ಪತ್ತೆಯಾದವರಿಗೆ ಗುಳಿಗೆ ಕೊಡುವ, ಎದೆನೋವು ಬಂದಾಗ ಓಡಿ ಹೋಗುವ ಜಾಗ ಅದೇ ಸರ್ಕಾರಿ ಆಸ್ಪತ್ರೆ. ಮಕ್ಕಳ ಗಂಟಲು ನೋವನ್ನು ಅಲಕ್ಷಿಸಿದಾಗ ಬರುವ ಸಂಧಿವಾತ ಜ್ವರ, ಅದರಿಂದ ಹಾಳಾಗುವ ಹೃದಯದ ಕವಾಟ ಬಡತನದ್ದೇ ಕಾಯಿಲೆ. ಅದಕ್ಕೆ ಮೂರು ವಾರಕ್ಕೊಮ್ಮೆ ತಪ್ಪದೆ ಕೊಡಬೇಕಾದ ಪೆನಿಸಿಲಿನ್ ಇಂಜೆಕ್ಷನ್ ಸಿಗಬೇಕಾದದ್ದೂ ಅಲ್ಲೇ.

ಹಣವಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅನುದಾನವನ್ನು ಸರ್ಕಾರವೇ ಘೋಷಿಸಿದೆ. ಆ ಹಣದಲ್ಲಿ ಕಟ್ಟಡಕ್ಕೆ ಸುಲಭವಾಗಿ ಮಂಜೂರಾತಿ ಸಿಗುತ್ತದೆ, ಏಕೆಂದರೆ ಕಟ್ಟಡಕ್ಕೆ ಶಂಕುಸ್ಥಾಪನೆ, ಉದ್ಘಾಟನೆ ಎರಡೂ ಇರುತ್ತವೆ. ರಾತ್ರಿ ಪಾಳಿಯ ನರ್ಸ್‌ಗೆ, ಇಸಿಜಿ ಕಾಗದದ ಸುರುಳಿಗೆ, ಆಂಬುಲೆನ್ಸಿನ ಯಂತ್ರಕ್ಕೆ ಫಲಕ ಹಾಕುವವರಿಲ್ಲ. ಆದರೂ ಜೀವ ಉಳಿಸುವುದು ಅವೇ. ಹಾಗೆಯೇ ಜನರ ತಿಳಿವಳಿಕೆಗೆ ನಮ್ಮಲ್ಲಿ ದಾರಿಯಿದೆ. ಲಕ್ಷಾಂತರ ಜನ ಸೇರುವ ಕೊಪ್ಪಳದ ಗವಿಮಠದ ಜಾತ್ರೆ ವರ್ಷಕ್ಕೊಂದು ಸಾಮಾಜಿಕ ವಿಷಯ ಹಿಡಿದು ಜಾಗೃತಿ ಮೂಡಿಸುತ್ತ ಬಂದಿದೆ. ಮುಂದಿನ ಒಂದು ವರ್ಷ ಎದೆನೋವಿನ ಮೊದಲ ಗಂಟೆಯ ವಿಷಯ ಎತ್ತಿಕೊಂಡರೆ ಯಾವ ಸರ್ಕಾರಿ ಪ್ರಚಾರಕ್ಕಿಂತಲೂ ಹೆಚ್ಚು ಮನೆಗಳಿಗೆ ಅದು ಮುಟ್ಟುತ್ತದೆ.

ಜಿಲ್ಲೆಯ ಶಾಸಕರಲ್ಲಿ, ಉಸ್ತುವಾರಿ ಸಚಿವರಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿ ತ್ರೈಮಾಸಿಕ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ನಾಲ್ಕು ಆಸ್ಪತ್ರೆಗಳಿಂದಲೂ ಮೂರು ಅಂಕಿ ಕೇಳಿ: ಆ ಮೂರು ತಿಂಗಳಲ್ಲಿ ಎದೆನೋವೆಂದು ಬಂದವರಲ್ಲಿ ಹತ್ತು ನಿಮಿಷದೊಳಗೆ ಇಸಿಜಿ ಆದವರೆಷ್ಟು, ಹೃದಯಾಘಾತ ಖಚಿತವಾದವರಲ್ಲಿ ಅಲ್ಲೇ ಇಂಜೆಕ್ಷನ್ ಸಿಕ್ಕವರೆಷ್ಟು, ಹಿಂದಿನ ವರ್ಷ ಬದುಕಿ ಮನೆಗೆ ಹೋದವರಲ್ಲಿ ಇಂದಿಗೂ ಗುಳಿಗೆ ಪಡೆಯುತ್ತಿರುವವರೆಷ್ಟು. ಆ ಅಂಕಿಗಳನ್ನು ಆಸ್ಪತ್ರೆಯ ಬಾಗಿಲಲ್ಲೇ ಬರೆದು ಹಾಕಿಸಿ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ಆ ಫಲಕ ಕಾಣದಿದ್ದರೆ, ಓದುಗರೇ, ನೀವು ಕೇಳಿ.